ಕಡತದ ಹೆಸರು ಮತ್ತು ಗಣಕದ ಒಳಬಾಗಿಲು

ಮಾನವನು ತನ್ನ ನುಡಿಯನ್ನು ಕಾಲದ ಹೊಡೆತದಿಂದ ಉಳಿಸಿಕೊಳ್ಳಲು ಕಂಡುಕೊಂಡ ಉಪಾಯಗಳಲ್ಲಿ ಬರವಣಿಗೆಯೇ ಶ್ರೇಷ್ಠವಾದುದು. ಶಿಲೆ, ತಾಮ್ರಪಟ, ತಾಳೆಗರಿ, ಕಾಗದ ಎಂದು ಬರಹದ ಆಧಾರವು ಬದಲಾದಂತೆಲ್ಲ ಬರೆಯುವ ಕ್ರಮವೂ ಬದಲಾಗುತ್ತ ಬಂದಿದೆ. ಹಿಂದೆ ನಮ್ಮ ನಾಡಿನಲ್ಲಿ ಹುಣಸೆಬೀಜದ ಅಂಟನ್ನೂ ಮಸಿಯನ್ನೂ ಬಳಿದು ಒಣಗಿಸಿದ ಬಟ್ಟೆಯ ಮಡಿಕೆಪುಸ್ತಕಕ್ಕೆ ಕಡತವೆಂದು ಹೆಸರಿತ್ತು. ಬಳಪದಿಂದ ಅದರ ಮೇಲೆ ಲೆಕ್ಕಪತ್ರಗಳನ್ನು ಬರೆದಿಡುತ್ತಿದ್ದರು. ಇಂದು ಗಣಕಯಂತ್ರದೊಳಗಿನ ಫೈಲಿಗೂ ಅದೇ ಹೆಸರು ಸಂದಿದೆ. ಬಟ್ಟೆಯ ಕಡತದ ಮೇಲೆ ಕನ್ನಡದಲ್ಲಿ ಹೆಸರು ಬರೆಯುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಯಂತ್ರದ ಕಡತಕ್ಕೆ ಕನ್ನಡದ ಹೆಸರಿಡಹೊರಟರೆ ಮಾತ್ರ ಆ ಹೆಸರು ಹಲವು ರೂಪಾಂತರಗಳನ್ನು ಹೊಂದಿದ ಮೇಲಲ್ಲದೆ ಒಳಗೆ ಪ್ರವೇಶ ಪಡೆಯದು. ಈ ರೂಪಾಂತರಗಳ ಬಗೆ ಎಂತಹುದು, ಅದರಲ್ಲಿ ಹೆಸರು ಕೆಡುವುದೇಕೆ, ಕೆಡದಂತೆ ಕಾಯುವ ಮಾರ್ಗವಾವುದು ಎಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ವಿಷಯದ ಮಹತ್ತ್ವವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಂದು ಪ್ರೌಢಶಾಲೆಯ ಕಚೇರಿಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯ ಹೆಸರಿನಲ್ಲಿಯೂ ಒಂದೊಂದು ಕಡತವನ್ನು ಗಣಕದಲ್ಲಿ ಇರಿಸಿದ್ದಾರೆಂದು ಇಟ್ಟುಕೊಳ್ಳಬಹುದು. ಹತ್ತು ವರ್ಷಗಳ ಅನಂತರ ಆ ವಿದ್ಯಾರ್ಥಿ ಬಂದು ವರ್ಗಾವಣೆ ಪತ್ರದ ಪ್ರತಿಯನ್ನು ಕೇಳುತ್ತಾನೆ. ಪರದೆಯ ಮೇಲೆ ಹೆಸರು ಕಾಣುತ್ತಿದೆ. ಆದರೆ ಹುಡುಕಿದರೆ ‘ಅಂತಹ ಕಡತವಿಲ್ಲ’ ಎಂದು ಯಂತ್ರ ಹೇಳುತ್ತದೆ. ಇಲ್ಲವೇ ಹೆಸರಿದ್ದ ಸ್ಥಳದಲ್ಲಿ ಬರಿಯ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ನಿಂತಿರುತ್ತದೆ. ದಾಖಲೆ ನಾಶವಾಗಿಲ್ಲ, ಅದನ್ನು ಕರೆಯುವ ಹೆಸರು ಕೆಟ್ಟಿದೆ, ಅಷ್ಟೆ. ಆದರೆ ಕರೆದರೆ ಬಾರದ ದಾಖಲೆಗೂ ಇಲ್ಲದ ದಾಖಲೆಗೂ ಕೇಳಬಂದವನ ಪಾಲಿಗೆ ಏನು ವ್ಯತ್ಯಾಸ?

ಒಳಬಾಗಿಲು ಎಂದರೇನು?

ಗಣಕದ ಸ್ಮೃತಿಯಲ್ಲಿ ಅಕ್ಷರಗಳಿಲ್ಲ. ಇರುವುದು ಸಂಖ್ಯೆಗಳು ಮಾತ್ರ. ಈ ಸಂಖ್ಯೆಗಳನ್ನು ಇರಿಸುವ ಒಂದೊಂದು ಮನೆಗೆ ಬೈಟ್ ಎಂದು ಹೆಸರು. ಒಂದು ಬೈಟಿನಲ್ಲಿ 0ಯಿಂದ 255ರವರೆಗಿನ ಯಾವುದಾದರೊಂದು ಸಂಖ್ಯೆ ಹಿಡಿಯುತ್ತದೆ. ಅಕ್ಷರಗಳನ್ನು ಸೂಚಿಸುವ ಸಂಖ್ಯೆಗಳ ಸಾಲಿಗೆ ಸ್ಟ್ರಿಂಗ್ ಎನ್ನುತ್ತಾರೆ. ಅಕ್ಷರಸರಣಿ ಎಂದು ಕನ್ನಡದಲ್ಲಿ ಕರೆಯಬಹುದು.

ನಾವು ಬಳಸುವ ಪ್ರೋಗ್ರಾಂಗಳು ಯಂತ್ರದ ತಟ್ಟೆಯನ್ನಾಗಲಿ ಪರದೆಯನ್ನಾಗಲಿ ನೇರವಾಗಿ ಮುಟ್ಟುವಂತಿಲ್ಲ. ಆ ಅಧಿಕಾರವೆಲ್ಲವೂ ಆಪರೇಟಿಂಗ್ ಸಿಸ್ಟಂನ ಒಡಲಾದ ಕರ್ನಲ್ಲಿಗೆ ಸೇರಿದ್ದು. ‘ಈ ಹೆಸರಿನ ಕಡತವನ್ನು ತೆರೆದುಕೊಡು’ ಎಂದು ಪ್ರೋಗ್ರಾಂ ಕರ್ನಲ್ಲಿಗೆ ಮಾಡುವ ವಿಜ್ಞಾಪನೆಯೇ ಸಿಸ್ಟಂ ಕಾಲ್, ಎಂದರೆ ವ್ಯವಸ್ಥಾ ಕರೆ. ಉಗ್ರಾಣದ ಒಳಗೆ ಎಲ್ಲರೂ ನುಗ್ಗುವಂತಿಲ್ಲ. ಬೇಕಾದುದನ್ನು ಚೀಟಿಯಲ್ಲಿ ಬರೆದು ಬಾಗಿಲಲ್ಲಿ ಉಗ್ರಾಣಿಯ ಕೈಗೆ ಕೊಡಬೇಕು. ಚೀಟಿ ಅವನು ಓದಬಲ್ಲ ರೀತಿಯಲ್ಲಿ ಇದ್ದರೆ ಪದಾರ್ಥ ಹೊರಗೆ ಬರುತ್ತದೆ. ಉಗ್ರಾಣಿ ಚೀಟಿಯ ಅಭಿಪ್ರಾಯವನ್ನು ಊಹಿಸುವವನಲ್ಲ. ಬರೆದುದನ್ನು ಬರೆದಂತೆಯೇ ತೆಗೆದುಕೊಳ್ಳುವವನು. ಆದುದರಿಂದ ಪ್ರೋಗ್ರಾಮಿನ ಒಳಗಿರುವ ಅಕ್ಷರಸರಣಿಯನ್ನು ಕರ್ನಲ್ ಒಪ್ಪುವ ರೂಪಕ್ಕೆ ಪರಿವರ್ತಿಸುವುದು ಅತ್ಯಾವಶ್ಯಕವಾಗುತ್ತದೆ.

ಕನ್ನಡಕ್ಕೆ ಸಂಖ್ಯೆ ದೊರೆತ ಬಗೆ

ಆರಂಭದಲ್ಲಿ ಗಣಕಗಳು ಇಂಗ್ಲಿಷ್ ಅಕ್ಷರಗಳಿಗಷ್ಟೇ ಸಂಖ್ಯೆಗಳನ್ನು ಬಲ್ಲವಾಗಿದ್ದುವು. ಭಾರತೀಯ ಲಿಪಿಗಳಿಗೆ ಸಾಮಾನ್ಯವಾದ ಇಸ್ಕಿ ಎಂಬ ಸಂಕೇತಕ್ರಮವನ್ನು ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಅಂಗೀಕರಿಸಿತು. ಅದೇ ವರ್ಷ ಜಗತ್ತಿನ ಲಿಪಿಗಳನ್ನೆಲ್ಲ ಒಂದೇ ಸೂತ್ರದಲ್ಲಿ ಪೋಣಿಸುವ ಯೂನಿಕೋಡ್ ಕ್ರಮದ ಮೊದಲ ಆವೃತ್ತಿ ಹೊರಬಂದಿತು; ಅದರಲ್ಲಿ ಕನ್ನಡಕ್ಕೂ ಸ್ಥಾನ ದೊರೆಯಿತು. ಆದರೆ ಈ ಕ್ರಮ ಸಾಮಾನ್ಯರ ಮೇಜಿಗೆ ಬರಲು ಕಾಲ ಹಿಡಿಯಿತು. ನಡುವಣ ಕಾಲದಲ್ಲಿ ಕನ್ನಡವನ್ನು ಗಣಕಕ್ಕೆ ತಂದ ಕೀರ್ತಿ ಹಲವರಿಗೆ ಸಲ್ಲುತ್ತದೆ. ಕೆ. ಪಿ. ರಾವ್ ಅವರು ಕನ್ನಡದ ಧ್ವನಿಕ್ರಮವನ್ನು ಅನುಸರಿಸುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಳಕೆಗೆ ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರಕಾರಿ ಕಚೇರಿಗಳಲ್ಲಿ ನೆಲೆಯೂರಿತು.

ಈ ತಂತ್ರಾಂಶಗಳ ಹಳೆಯ ಕ್ರಮದಲ್ಲಿ ಇಂಗ್ಲಿಷ್ ಮೊದಲಾದ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡ ಅಕ್ಷರದ ತುಂಡುಗಳ ಚಿತ್ರಗಳನ್ನು ಕೂರಿಸಲಾಗುತ್ತಿತ್ತು. ಸೂಕ್ತವಾದ ಅಚ್ಚು ಇದ್ದಲ್ಲಿ ಕನ್ನಡ ಕಾಣುತ್ತಿತ್ತು. ಇಲ್ಲದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತಿದ್ದುವು. ಪತ್ರದ ಒಳಗೆ ಅಚ್ಚನ್ನು ಆರಿಸಬಹುದು. ಕಡತಗಳ ಹೆಸರನ್ನು ತೋರಿಸುವ ಪಟ್ಟಿಯಲ್ಲಿ ಹಾಗೆ ಆರಿಸುವಂತಿರಲಿಲ್ಲ. ಅದರಿಂದಲೇ ಪತ್ರವನ್ನು ಕನ್ನಡದಲ್ಲಿ ಬರೆದು ಅದರ ಹೆಸರನ್ನು ಇಂಗ್ಲಿಷಿನಲ್ಲಿ ಇಡುವ ರೂಢಿ ಬಲವಾಯಿತು. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ‘ತುಂಗಾ’ ಎಂಬ ಯೂನಿಕೋಡ್ ಕನ್ನಡ ಅಚ್ಚು ಬಂದ ಮೇಲೆ ಆ ನಿರ್ಬಂಧ ತೊಲಗಿತಾದರೂ ರೂಢಿ ತೊಲಗಲಿಲ್ಲ.

ಯೂನಿಕೋಡಿನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳು ಮೀಸಲಾಗಿವೆ. ‘ಅ’ಕಾರಕ್ಕೆ 3205, ‘ಕ’ಕಾರಕ್ಕೆ 3221. ಕಾಗುಣಿತದ ಚಿಹ್ನೆಗಳಿಗೂ, ಒತ್ತಕ್ಷರವನ್ನು ಕೂಡಿಸುವ ಹಲಂತಚಿಹ್ನೆಗೂ ಪ್ರತ್ಯೇಕ ಸಂಖ್ಯೆಗಳಿವೆ. ‘ಕೊಳ್ಳೇಗಾಲ’ ಎಂಬ ಊರ ಹೆಸರು ಈ ಕ್ರಮದಲ್ಲಿ ಕ, ಒತ್ವದ ಚಿಹ್ನೆ, ಳ, ಹಲಂತ, ಳ, ಏತ್ವದ ಚಿಹ್ನೆ, ಗ, ದೀರ್ಘ, ಲ ಎಂದು 9 ಸಂಕೇತಗಳಾಗುತ್ತದೆ. 3221, 3274, 3251, 3277, 3251, 3271, 3223, 3262, 3250.

ಒಂದು ಹೆಸರಿಗೆ ಹಲವು ಅಳತೆ

ಇಲ್ಲಿ ಛಂದಶ್ಶಾಸ್ತ್ರದ ಒಂದು ತತ್ತ್ವವನ್ನು ನೆನೆಯುವುದು ಉಚಿತ. ವೃತ್ತಗಳ ಪಾದವನ್ನು ಅಕ್ಷರಗಳಿಂದ ಅಳೆಯುತ್ತಾರೆ. ಷಟ್ಪದಿಯ ಪಾದವನ್ನು ಮಾತ್ರೆಗಳಿಂದ ಅಳೆಯುತ್ತಾರೆ. ಒಂದರ ಲೆಕ್ಕವನ್ನು ಮತ್ತೊಂದಕ್ಕೆ ಹಚ್ಚಿದರೆ ಪದ್ಯ ಕೆಡುತ್ತದೆ. ‘ಕೊಳ್ಳೇಗಾಲ’ ಎಂಬುದರಲ್ಲಿ ಅಕ್ಷರಗಳು 4, ಮಾತ್ರೆಗಳು 7, ಯೂನಿಕೋಡ್ ಸಂಕೇತಗಳು 9. ಈ 9 ಸಂಕೇತಗಳನ್ನು ಬೈಟುಗಳಲ್ಲಿ ಇರಿಸುವಾಗ ಮತ್ತೆ ಎರಡು ಲೆಕ್ಕಗಳು ಹುಟ್ಟುತ್ತವೆ.

ಕನ್ನಡದ ಸಂಕೇತಗಳೆಲ್ಲವೂ 255ಕ್ಕಿಂತ ದೊಡ್ಡವಾದುದರಿಂದ ಒಂದು ಬೈಟಿನಲ್ಲಿ ಹಿಡಿಯವು. ಒಂದೊಂದು ಸಂಕೇತಕ್ಕೆ ಎರಡೆರಡು ಬೈಟುಗಳನ್ನು ಕೊಡುವುದು ಒಂದು ಮಾರ್ಗ. ಇದಕ್ಕೆ ಯುಟಿಎಫ್-16 ಎಂದು ಹೆಸರು. ಇದರಲ್ಲಿ ಕೊಳ್ಳೇಗಾಲಕ್ಕೆ 18 ಬೈಟುಗಳು ಬೇಕು. 1993ರಲ್ಲಿ ಹೊರಬಂದ ವಿಂಡೋಸ್ ಎನ್‌ಟಿ ಮೊದಲಿನಿಂದಲೇ ಎರಡು ಬೈಟುಗಳ ಸಂಕೇತಗಳನ್ನು ಆರಿಸಿಕೊಂಡಿತು. ಇಂದಿನ ವಿಂಡೋಸ್ ಕರ್ನಲ್ಲಿನ ಒಳಗೂ ಹೆಸರುಗಳು ಯುಟಿಎಫ್-16ರಲ್ಲಿಯೇ ಇರುತ್ತವೆ.

ಎರಡನೆಯದು ಯುಟಿಎಫ್-8. ಇದನ್ನು 1992ರ ಸೆಪ್ಟೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಕೆನ್ ಥಾಮ್ಸನ್ ಮತ್ತು ರಾಬ್ ಪೈಕ್ ರೂಪಿಸಿದರು. ಹೋಟೆಲಿನ ಊಟದ ಮೇಜಿನಲ್ಲಿ ಕುಳಿತು, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಇದರ ಮೊದಲ ರೂಪವನ್ನು ಗೀಚಿದರೆಂದು ಪೈಕ್ ಅವರೇ ಬರೆದಿದ್ದಾರೆ. ಇದರ ಕ್ರಮ ಸರಳವಾದುದು. ‘ಕ’ಕಾರದ 3221ನ್ನು 64ರಿಂದ ಭಾಗಿಸಿದರೆ ಭಾಗಲಬ್ಧ 50, ಶೇಷ 21. ಆ 50ನ್ನು ಮತ್ತೆ 64ರಿಂದ ಭಾಗಿಸಿದರೆ ಭಾಗಲಬ್ಧ 0, ಶೇಷ 50. ಹೀಗೆ ದೊರೆತ 0, 50, 21ಕ್ಕೆ ಅನುಕ್ರಮವಾಗಿ 224, 128, 128ನ್ನು ಕೂಡಿಸಿದರೆ 224, 178, 149 ಎಂಬ ಮೂರು ಬೈಟುಗಳು ಬರುತ್ತವೆ. ಕನ್ನಡದ ಪ್ರತಿಯೊಂದು ಸಂಕೇತವೂ ಹೀಗೆಯೇ ಮೂರು ಬೈಟುಗಳಾಗುತ್ತದೆ. ಮೊದಲನೆಯದು ಯಾವಾಗಲೂ 224. ಆದುದರಿಂದ ಕೊಳ್ಳೇಗಾಲಕ್ಕೆ 27 ಬೈಟುಗಳು. 7 ಸಂಕೇತಗಳ ಯಳಂದೂರಿಗೆ 21, 5 ಸಂಕೇತಗಳ ಹನೂರಿಗೆ 15. ಇಂಗ್ಲಿಷ್ ಅಕ್ಷರ, ಅಂಕಿ ಹಾಗೂ ತೆರಪುಗಳಿಗೆ ಮಾತ್ರ ಹಿಂದಿನಂತೆ ಒಂದೊಂದೇ ಬೈಟ್.

ಶೂನ್ಯದ ಮಹಿಮೆ

ಸಾಲು ಎಲ್ಲಿ ಮುಗಿಯಿತೆಂಬುದನ್ನು ಕರ್ನಲ್ ತಿಳಿಯುವುದು ಹೇಗೆ? 1972ರ ವೇಳೆಗೆ ಡೆನ್ನಿಸ್ ರಿಚಿ ರೂಪಿಸಿದ ಸಿ ಭಾಷೆಯಲ್ಲಿ, ಸರಣಿಯ ಕೊನೆಯಲ್ಲಿ 0 ಬೆಲೆಯುಳ್ಳ ಒಂದು ಬೈಟನ್ನು ಇಡುವ ಪದ್ಧತಿ ಬಂದಿತು. ಇದು ಶ್ಲೋಕದ ಅಂತ್ಯದಲ್ಲಿ ಇಡುವ ಜೋಡಿಗೆರೆಯಂತೆ. ಯೂನಿಕ್ಸ್ ಹಾಗೂ ಅದರ ಮಾರ್ಗವನ್ನು ಅನುಸರಿಸಿದ ಲಿನಕ್ಸ್ ಕರ್ನಲ್ಲುಗಳು ಇಂದಿಗೂ ಕಡತದ ಹೆಸರನ್ನು ಹೀಗೆಯೇ ಸ್ವೀಕರಿಸುತ್ತವೆ. ಅವುಗಳಿಗೆ ಎರಡೇ ಸಂಖ್ಯೆಗಳು ನಿಷಿದ್ಧ: ಅಂತ್ಯಸೂಚಕವಾದ 0, ಮತ್ತು ಒಂದು ಕೋಶದ ಹೆಸರನ್ನು ಮತ್ತೊಂದರಿಂದ ಬೇರ್ಪಡಿಸುವ ಓರೆಗೆರೆಯ ಸಂಖ್ಯೆಯಾದ 47. ಯುಟಿಎಫ್-8ರ ಗುಣ ತೋರುವುದು ಇಲ್ಲಿಯೇ. ಕನ್ನಡದ ಯಾವ ಸಂಕೇತವನ್ನು ಮೂರು ಬೈಟುಗಳಾಗಿ ಬಿಡಿಸಿದರೂ ಆ ಮೂರೂ 128 ಅಥವಾ ಅದಕ್ಕೂ ಹೆಚ್ಚಾಗಿರುತ್ತವೆ. 0 ಆಗಲಿ 47 ಆಗಲಿ ನಡುವೆ ಬರಲು ಅವಕಾಶವೇ ಇಲ್ಲ. ಕನ್ನಡವೆಂದರೇನೆಂದು ಅರಿಯದ ಹಳೆಯ ಕರ್ನಲ್ ಕೂಡ ಈ ರೂಪದಲ್ಲಿ ಬಂದ ಕನ್ನಡದ ಹೆಸರನ್ನು ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತದೆ.

ಯುಟಿಎಫ್-16ರ ಸರಣಿಯನ್ನು ಹಾಗೆಯೇ ಯೂನಿಕ್ಸಿನ ಬಾಗಿಲಿಗೆ ಒಯ್ದರೆ ಅನರ್ಥವಾಗುತ್ತದೆ. ಅದರಲ್ಲಿ ಇಂಗ್ಲಿಷಿನ ‘ಎ’ ಎಂಬ ದೊಡ್ಡಕ್ಷರವು 65, 0 ಎಂದು ಎರಡು ಬೈಟುಗಳಾಗಿರುತ್ತದೆ. ಮೊದಲ ಅಕ್ಷರದ ಬೆನ್ನಿಗೇ ಶೂನ್ಯ ಬಂದುದರಿಂದ ಹೆಸರು ಅಲ್ಲಿಗೆ ಮುಗಿಯಿತೆಂದು ಕರ್ನಲ್ ಭಾವಿಸುತ್ತದೆ.

ವಿಂಡೋಸ್ ಕರ್ನಲ್ಲಿನ ಪದ್ಧತಿ ಬೇರೆ. ಅಲ್ಲಿ ಸರಣಿಯ ಜೊತೆಗೆ ಅದರ ಉದ್ದವನ್ನೂ ಬೈಟುಗಳ ಲೆಕ್ಕದಲ್ಲಿ ಬರೆದು ಒಪ್ಪಿಸಬೇಕು. ಕೊಳ್ಳೇಗಾಲಕ್ಕೆ ಬರೆಯಬೇಕಾದ ಉದ್ದ 18. ಸಂಕೇತಗಳನ್ನು ಎಣಿಸಿ 9 ಎಂದು ಬರೆದರೆ ಅರ್ಧ ಹೆಸರು ಮಾತ್ರ ಒಳಗೆ ಹೋಗುತ್ತದೆ. ಅದೂ ಒಂದು ಸಂಕೇತದ ನಡುವೆ ತುಂಡಾಗಿ ಹೋಗುತ್ತದೆ. ಹೊರಗಿನ ಸಾಮಾನ್ಯ ಕರೆಗಳಿಗಾದರೋ ಕೊನೆಯಲ್ಲಿ ಎರಡು ಬೈಟುಗಳ ಶೂನ್ಯವನ್ನು ಇಟ್ಟರೆ ಸಾಕು.

ಪರಿವರ್ತನೆಗೆ ಮುನ್ನ ಎಷ್ಟು ಸ್ಥಳ ಬೇಕೆಂಬುದನ್ನು ಅಳೆಯಬೇಕು. ಮೂಟೆ ಎಷ್ಟು ಬೇಕೆಂದು ತಿಳಿಯದೆ ರಾಗಿ ಸುರಿಯುವವರುಂಟೆ? ವಿಂಡೋಸಿನಲ್ಲಿ ಪರಿವರ್ತನೆಯ ಕಾರ್ಯವನ್ನು ಎರಡು ಬಾರಿ ಕರೆಯುವುದು ವಾಡಿಕೆ. ಮೊದಲ ಸಲ ‘ಎಷ್ಟು ಸ್ಥಳ ಬೇಕು’ ಎಂದು ಕೇಳಿಕೊಳ್ಳುತ್ತಾರೆ. ಅಷ್ಟು ಸ್ಥಳವನ್ನು ಪಡೆದ ಮೇಲೆ ಎರಡನೆಯ ಸಲ ನಿಜವಾಗಿ ಪರಿವರ್ತಿಸುತ್ತಾರೆ. ಯುಟಿಎಫ್-8ರ ಕೊಳ್ಳೇಗಾಲಕ್ಕೆ ಶೂನ್ಯವೂ ಸೇರಿ 28 ಬೈಟುಗಳು ಬೇಕು. ಪ್ರೋಗ್ರಾಂ ಬರೆಯುವವನು 4 ಅಕ್ಷರವೆಂದೋ 9 ಸಂಕೇತವೆಂದೋ ಎಣಿಸಿ ಅಷ್ಟೇ ಮನೆಗಳನ್ನು ತೆಗೆದಿಟ್ಟರೆ, ಉಳಿದ ಬೈಟುಗಳು ನೆರೆಮನೆಗೆ ನುಗ್ಗಿ ಅಲ್ಲಿದ್ದುದನ್ನು ಅಳಿಸುತ್ತವೆ. ಇಂಗ್ಲಿಷಿನಲ್ಲಿ ಅಕ್ಷರದ ಎಣಿಕೆಯೂ ಬೈಟಿನ ಎಣಿಕೆಯೂ ಒಂದೇ ಆಗಿರುವುದರಿಂದ ಈ ತಪ್ಪು ಅಲ್ಲಿ ಬಯಲಿಗೆ ಬರುವುದೇ ಇಲ್ಲ. ಕನ್ನಡದ ಹೆಸರು ಬಂದೊಡನೆ ಬರುತ್ತದೆ. ಆಗ ಜನರು ಪ್ರೋಗ್ರಾಮನ್ನು ದೂರದೆ ಕನ್ನಡವನ್ನು ದೂರುತ್ತಾರೆ.

ಹೆಸರು ಕೆಡುವ ನಾಲ್ಕು ಬಗೆ

ಮೊದಲನೆಯದು ಪ್ರಶ್ನಾರ್ಥಕ ಚಿಹ್ನೆಗಳ ದೋಷ. ವಿಂಡೋಸಿನಲ್ಲಿ ಹಳೆಯ ಪ್ರೋಗ್ರಾಂಗಳಿಗಾಗಿ ಬೈಟುಗಳ ಕರೆ, ಹೊಸವಕ್ಕೆ ಯುಟಿಎಫ್-16ರ ಕರೆ ಎಂದು ಎರಡು ಬಗೆಗಳಿವೆ. ಹಳೆಯ ಕರೆ ಪ್ರಾದೇಶಿಕ ಸಂಕೇತಪುಟವೊಂದರ ಮೂಲಕ ಹಾಯುತ್ತದೆ. ಕನ್ನಡಕ್ಕೆ ಅಂತಹ ಪುಟವನ್ನು ವಿಂಡೋಸ್ ಎಂದೂ ಕೊಟ್ಟಿರಲಿಲ್ಲ. ಹೀಗಾಗಿ ಹಳೆಯ ಕರೆಯಿಂದ ಕಡತಗಳ ಪಟ್ಟಿಯನ್ನು ಕೇಳಿದರೆ ಕೊಳ್ಳೇಗಾಲವು 9 ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೊರಬರುತ್ತದೆ. ಆ ಚಿಹ್ನೆಯಾದರೋ ವಿಂಡೋಸಿನ ಕಡತದ ಹೆಸರಿನಲ್ಲಿ ನಿಷಿದ್ಧ. ಆದಕಾರಣ ಯಂತ್ರ ತಾನೇ ಹೇಳಿದ ಹೆಸರನ್ನು ಮರಳಿ ಒಪ್ಪಿಸಿದರೂ ಕಡತ ತೆರೆಯದು. 2019ರ ವಿಂಡೋಸ್ 10ರ ಆವೃತ್ತಿಯಿಂದೀಚೆಗೆ ಒಂದು ಪ್ರೋಗ್ರಾಂ ತನ್ನ ಹಳೆಯ ಕರೆಗಳಿಗೆ ಯುಟಿಎಫ್-8 ಪುಟವನ್ನೇ ಕೋರಿಕೊಳ್ಳಬಹುದಾಗಿದೆ.

ಎರಡನೆಯದು ತುಂಡರಿಸುವ ದೋಷ. ಲಿನಕ್ಸಿನ ಬಳಕೆಯ ಕಡತವ್ಯವಸ್ಥೆಗಳಲ್ಲಿ ಹೆಸರಿನ ಮಿತಿ 255 ಬೈಟುಗಳು. ಇಂಗ್ಲಿಷಿನಲ್ಲಿ 255 ಅಕ್ಷರ ಬರೆಯಬಹುದಾದಲ್ಲಿ ಕನ್ನಡಕ್ಕೆ ದೊರೆಯುವುದು 85 ಸಂಕೇತಗಳು ಮಾತ್ರ. ವಿಂಡೋಸಿನಲ್ಲಿ ಈ ಮಿತಿ ಯುಟಿಎಫ್-16ರ 255 ಘಟಕಗಳಾದುದರಿಂದ ಕನ್ನಡಕ್ಕೂ 255 ಸಂಕೇತಗಳು ಸಲ್ಲುತ್ತವೆ. ಅಲ್ಲಿ ಇಟ್ಟ ಉದ್ದನೆಯ ಹೆಸರು ಲಿನಕ್ಸಿಗೆ ಬಂದಾಗ ಮಿತಿಮೀರುತ್ತದೆ. ಮಿತಿಮೀರಿದ ಹೆಸರನ್ನು ಕರ್ನಲ್ ಕತ್ತರಿಸುವುದಿಲ್ಲ; ಒಲ್ಲೆನೆಂದು ಹಿಂದಿರುಗಿಸುತ್ತದೆ. ಕತ್ತರಿಸುವವನು ಅವಸರದ ಪ್ರೋಗ್ರಾಂಕಾರ. ಹೆಸರಿನ ಆದಿಯಲ್ಲಿ ‘1956’ ಎಂಬ ವರ್ಷವೂ ಒಂದು ತೆರಪೂ ಇದ್ದರೆ ಅವಕ್ಕೆ 5 ಬೈಟುಗಳು ಸಂದು, ಉಳಿದ 250ರಲ್ಲಿ 83 ಸಂಕೇತಗಳು ಹಿಡಿದು, ಕೊನೆಗೆ 84ನೆಯ ಸಂಕೇತದ ಒಂದು ಬೈಟ್ ಮಾತ್ರ ಉಳಿಯುತ್ತದೆ. ಅದು ಯಾವ ಅಕ್ಷರವೂ ಅಲ್ಲ. ಸಂಕೇತದ ಗಡಿಯಲ್ಲಿಯೇ ಕತ್ತರಿಸಿದರೂ ಹಲಂತದ ಮುಂದೆ ತುಂಡಾದರೆ ‘ಕೊಳ್ಳೇ’ ಎಂಬುದು ‘ಕೊಳ್’ ಎಂದು ನಿಂತುಬಿಡುತ್ತದೆ. ಒತ್ತಕ್ಷರವನ್ನೂ ಕಾಗುಣಿತವನ್ನೂ ಕೂಡಿಸಿಕೊಂಡ ಪೂರ್ಣಾಕ್ಷರದ ಗಡಿಯಲ್ಲಿ ಕತ್ತರಿಸುವುದೊಂದೇ ಕನ್ನಡಕ್ಕೆ ಒಪ್ಪುವ ಕ್ರಮ.

ಮೂರನೆಯದು ಸಮರೂಪದ ದೋಷ. ಎಲ್ಲಕ್ಕಿಂತ ಕಪಟವಾದುದು ಇದೇ. ಯೂನಿಕೋಡಿನಲ್ಲಿ ಒತ್ವದ ಚಿಹ್ನೆಯನ್ನು 3274 ಎಂಬ ಒಂದೇ ಸಂಕೇತವಾಗಿ ಬರೆಯಬಹುದು. ಎತ್ವದ 3270 ಮತ್ತು ಊತ್ವದ 3266 ಎಂದು ಬಿಡಿಸಿಯೂ ಬರೆಯಬಹುದು. ಏತ್ವವನ್ನೂ ಹಾಗೆಯೇ ಎತ್ವದ 3270 ಹಾಗೂ ದೀರ್ಘಸೂಚಕವಾದ 3285 ಎಂದು ಬಿಡಿಸಬಹುದು. ಎರಡು ಬಗೆಯೂ ಶಾಸ್ತ್ರಸಮ್ಮತವೇ. ಪರದೆಯ ಮೇಲೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಬಿಡಿಸಿದ ರೂಪದಲ್ಲಿ ಕೊಳ್ಳೇಗಾಲಕ್ಕೆ 11 ಸಂಕೇತಗಳು, 33 ಬೈಟುಗಳು. ಲಿನಕ್ಸ್ ಬೈಟುಗಳನ್ನಷ್ಟೇ ಹೋಲಿಸುವುದರಿಂದ 27 ಬೈಟಿನ ಕೊಳ್ಳೇಗಾಲವೂ 33 ಬೈಟಿನ ಕೊಳ್ಳೇಗಾಲವೂ ಅದಕ್ಕೆ ಬೇರೆ ಬೇರೆ ಊರುಗಳು! ಆಪಲ್ ಸಂಸ್ಥೆ 1998ರಲ್ಲಿ ತಂದ ಎಚ್‌ಎಫ್‌ಎಸ್ ಪ್ಲಸ್ ಎಂಬ ಕಡತವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇರಿಸುತ್ತಿತ್ತು. ಅಲ್ಲಿಂದ ನಕಲಾಗಿ ಬಂದ ಕಡತವು ಬೇರೆ ಯಂತ್ರದಲ್ಲಿ ಕಣ್ಣಿಗೆ ಕಂಡರೂ ಹುಡುಕಿದರೆ ಸಿಗದಿರುವುದಕ್ಕೆ ಇದೊಂದು ಕಾರಣ. ಅಕ್ಷರಗಳ ನಡುವೆ ಕಣ್ಣಿಗೆ ಕಾಣದೆ ಕುಳಿತು ಅವುಗಳನ್ನು ಬೆಸೆಯುವ ಅಥವಾ ಬಿಡಿಸುವ ಸಂಕೇತಗಳೂ ಇಂತಹುದೇ ಗೊಂದಲವನ್ನು ತರುತ್ತವೆ.

ನಾಲ್ಕನೆಯದು ನಡುಶೂನ್ಯದ ದೋಷ. ಈಚಿನ ಭಾಷೆಗಳು ಸರಣಿಯ ಉದ್ದವನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳುವುದರಿಂದ ಅವುಗಳಲ್ಲಿ ಸರಣಿಯ ನಡುವೆ ಶೂನ್ಯವಿದ್ದರೂ ನಡೆಯುತ್ತದೆ. ಅದನ್ನು ಯೂನಿಕ್ಸಿನ ಕರೆಗೆ ಒಪ್ಪಿಸಿದರೆ ಕರ್ನಲ್ ಆ ಶೂನ್ಯದವರೆಗೆ ಮಾತ್ರ ಓದುತ್ತದೆ. ದುರುಳರು ಈ ಭೇದವನ್ನು ಬಳಸಿಕೊಂಡು, ಕಾವಲಿನ ಪರೀಕ್ಷೆಗೆ ಚಿತ್ರದ ಹೆಸರನ್ನು ತೋರಿಸಿ ಒಳಗೆ ಬೇರೊಂದು ಕಡತವನ್ನು ಸೇರಿಸಿದ್ದುಂಟು. ಜಾಲತಾಣಗಳಿಗೆ ಬಹುವಾಗಿ ಬಳಕೆಯಾಗುವ ಪಿಎಚ್‌ಪಿ ಭಾಷೆ 2010ರಲ್ಲಿ ಇಂತಹ ಹೆಸರುಗಳನ್ನು ನಿರಾಕರಿಸತೊಡಗಿತು. ಗೋ, ರಸ್ಟ್ ಮೊದಲಾದ ಭಾಷೆಗಳು ಕರೆಗೆ ಮುನ್ನವೇ ನಡುಶೂನ್ಯವನ್ನು ಹುಡುಕಿ, ಕಂಡರೆ ದೋಷವೆಂದು ತಿಳಿಸುತ್ತವೆ.

ಪಾಲಿಸಬೇಕಾದ ನಿಯಮಗಳು

ಈ ದೋಷಗಳ ಪರಿಹಾರ ಕಠಿಣವಲ್ಲ. ಪ್ರೋಗ್ರಾಮಿನ ಒಳಗೆ ಒಂದೇ ರೂಪವನ್ನು ಇರಿಸಿಕೊಂಡು, ಕರ್ನಲ್ಲಿನ ಬಾಗಿಲಿನಲ್ಲಿ ಮಾತ್ರ, ಒಮ್ಮೆ ಮಾತ್ರ, ಪರಿವರ್ತಿಸಬೇಕು. ಉದ್ದವನ್ನು ಹೇಳುವಾಗ ಅದು ಅಕ್ಷರದ್ದೋ, ಸಂಕೇತದ್ದೋ, ಬೈಟಿನದೋ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಅಂತ್ಯಶೂನ್ಯಕ್ಕೆ ಸ್ಥಳ ಬಿಡಬೇಕು, ನಡುಶೂನ್ಯವನ್ನು ನಿರಾಕರಿಸಬೇಕು. ಹೊಸ ಹೆಸರನ್ನು ಇಡುವಾಗ ಕೂಡಿದ ರೂಪಕ್ಕೆ ತಂದು ಇಡಬೇಕು. ಹುಡುಕುವಾಗ ಎರಡೂ ಕಡೆಯ ಹೆಸರುಗಳನ್ನು ಒಂದೇ ರೂಪಕ್ಕೆ ತಂದು ಹೋಲಿಸಬೇಕು. ಆದರೆ ಕರ್ನಲ್ ಕೊಟ್ಟ ಹಳೆಯ ಹೆಸರನ್ನು ಮರಳಿ ಒಪ್ಪಿಸುವಾಗ ಅದನ್ನು ತಿದ್ದಲಾಗದು, ಕೊಟ್ಟಂತೆಯೇ ಒಪ್ಪಿಸಬೇಕು. ಲಿನಕ್ಸಿನಲ್ಲಿ ಯುಟಿಎಫ್-8 ಅಲ್ಲದ ಬೈಟುಗಳೂ ಹೆಸರಾಗಿರಬಹುದು. ಪೈಥಾನ್ ಭಾಷೆಯಲ್ಲಿ 2009ರ ಒಂದು ಪ್ರಸ್ತಾವದಿಂದ, ಅರ್ಥವಾಗದ ಬೈಟನ್ನು ಎಸೆಯದೆ ವಿಶೇಷ ಸಂಕೇತವಾಗಿ ಕಾಯ್ದಿರಿಸಿ, ಹಿಂದಿರುಗಿಸುವಾಗ ಮೊದಲಿನ ಬೈಟನ್ನೇ ಕೊಡುವ ಏರ್ಪಾಡು ಬಂದಿತು. ಮೂಲಪ್ರತಿಯಲ್ಲಿ ತನಗೆ ತಿಳಿಯದ ಅಕ್ಷರ ಬಂದಾಗ ಊಹೆಯಿಂದ ತಿದ್ದದೆ ಕಂಡಂತೆಯೇ ಬರೆದಿಡುವ ಲಿಪಿಕಾರನ ವಿವೇಕವೇ ಇದು. ಅಂತಹವನ ಪ್ರತಿಯಿಂದ ಮುಂದಿನ ವಿದ್ವಾಂಸರು ಶುದ್ಧಪಾಠವನ್ನು ಕಂಡುಕೊಳ್ಳಬಲ್ಲರು; ಊಹಿಸಿ ತಿದ್ದಿದವನ ಪ್ರತಿಯಿಂದ ಅದು ಸಾಧ್ಯವಿಲ್ಲ.

ಉಪಸಂಹಾರ

ಇಷ್ಟೆಲ್ಲ ತೊಡಕು ಏಕೆ, ಇಂಗ್ಲಿಷಿನಲ್ಲಿಯೇ ಹೆಸರಿಟ್ಟರೆ ಸಾಲದೆ ಎಂದು ಕೇಳುವವರಿದ್ದಾರೆ. ಬೆಲೆ, ಬೆಳೆ, ಬೇಳೆ ಎಂಬ ಮೂರು ಮಾತುಗಳನ್ನು ರೋಮನ್ ಲಿಪಿಯಲ್ಲಿ ರೂಢಿಯಂತೆ ಬರೆದರೆ ಮೂರೂ ಒಂದೇ ಆಗುತ್ತವೆ. ರೈತನ ಬೆಳೆಯ ಲೆಕ್ಕವಾವುದು, ಅಂಗಡಿಯ ಬೇಳೆಯ ಬೆಲೆಯಾವುದು ಎಂದು ಆಮೇಲೆ ತಿಳಿಯುವುದು ಹೇಗೆ? ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು ಮೊದಲಿನಿಂದ ಮೈಸೂರಿನದು. ಹನೂರು ಕೊಳ್ಳೇಗಾಲದಿಂದ ಬೇರ್ಪಟ್ಟು ಈಚೆಗೆ ತಾನೇ ಒಂದು ತಾಲ್ಲೂಕಾಯಿತು. ಗಡಿಗಳು ಹೀಗೆ ಬದಲಾದಂತೆ ದಾಖಲೆಗಳು ಕಚೇರಿಯಿಂದ ಕಚೇರಿಗೆ, ಒಂದು ಬರಹದಿಂದ ಮತ್ತೊಂದು ಬರಹಕ್ಕೆ ಸಾಗುತ್ತವೆ. ಇಂಗ್ಲಿಷ್ ಬರಹದಲ್ಲಿ ಕೊಳ್ಳೇಗಾಲವು ಅಂತ್ಯದ ಅಕಾರವನ್ನೂ, ಲಳಗಳ ಭೇದವನ್ನೂ, ಏಕಾರದ ದೀರ್ಘವನ್ನೂ ಕಳೆದುಕೊಂಡಿದೆ. ಊರಿನ ಹೆಸರನ್ನಾದರೆ ಎಲ್ಲರೂ ಬಲ್ಲರು. ಹೇಗೆ ಬರೆದರೂ ಸರಿಮಾಡಿ ಓದಿಕೊಳ್ಳುವರು. ಮಲೆಯ ತಪ್ಪಲಿನ ಹಳ್ಳಿಯಿಂದ ಬಂದ ಬಾಲಕಿಯ ಹೆಸರನ್ನು ಹಾಗೆ ಸರಿಮಾಡಿ ಓದುವವರು ಆ ಹಳ್ಳಿಯ ಆಚೆ ಯಾರೂ ಇಲ್ಲ. ಅವಳ ಹೆಸರು ಯಂತ್ರದೊಳಕ್ಕೆ ಹೋದಂತೆಯೇ ಹೊರಕ್ಕೆ ಬರಬೇಕು.

ಈ ಪ್ರಾಂತದ ವಿದ್ಯಾರ್ಥಿಗಳು ಇಂದು ಪ್ರೋಗ್ರಾಂ ಬರೆಯುವ ವಿದ್ಯೆಯನ್ನು ಕಲಿಯುತ್ತಿದ್ದಾರೆ. ತಾವು ಬರೆದ ಪ್ರೋಗ್ರಾಂ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಅವರು ದೂರ ಹೋಗಬೇಕಾಗಿಲ್ಲ. ಒಂದು ಕಡತಕ್ಕೆ ‘ಕೊಳ್ಳೇಗಾಲ’ ಎಂದು ಹೆಸರಿಟ್ಟು, ಮುಚ್ಚಿ, ಮತ್ತೊಂದು ಯಂತ್ರಕ್ಕೆ ಒಯ್ದು, ಅದೇ ಹೆಸರಿನಿಂದ ತೆರೆಯಲಿ. ನಾಲ್ಕು ಅಕ್ಷರಗಳೂ ಒತ್ತು ದೀರ್ಘಗಳೊಡನೆ ಹಾಗೆಯೇ ಮರಳಿ ಬಂದರೆ ಮುಂದಿನ ಕೆಲಸಕ್ಕೆ ತೊಡಗಬಹುದು. ಬಾರದಿದ್ದರೆ ತಿದ್ದಬೇಕಾದುದು ಊರಿನ ಹೆಸರನ್ನಲ್ಲ, ಪ್ರೋಗ್ರಾಮನ್ನು.